ಕ್ಲಚ್ ಸ್ಲಿಪ್ ಆದ್ರ ಲಗೂನ ಗೇರ್‌ಬಾಕ್ಸ್ ಇಳಿಸಬ್ಯಾಡ್ರಿ, ಡ್ರೈವರ್ ಪಗಾರನೂ ಕಡಿಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಕಬ್ಬಿನ ಸೀಸನ್ ಚಾಲೂ ಆಗೂ ಹೊತ್ತಿಗೆ ವರ್ಷಾ ವರ್ಷಾ ನಿಮ್ಮ ಪೇಪರ್‌ನ್ಯಾಗ ಟ್ರೇಲರಿಗೆ ರಿಫ್ಲೆಕ್ಟರ್ ಹಚ್ರಿ, ಓವರ್‌ಲೋಡ್ ಮಾಡಬ್ಯಾಡ್ರಿ, ದೊಡ್ಡ ಸೌಂಡಿನ ಟೇಪ್ ಹಚ್ಚಿಕೊಂಡು ಹಿಂದಿನ ಹಾರ್ನ್ ಕೇಳಿಸದಂಗ ಹೋಗಬ್ಯಾಡ್ರಿ ಅಂತ ಬರೀತೀರಿ, ಭಾಳ ಚಲೋ ಕೆಲಸ, ಅದರಿಂದ ಎಷ್ಟೋ ಮಂದಿ ಜೀವ ಉಳದಾವು. ಆದ್ರ ಒಂದ್ ಮಾತ ಯಾರೂ ಬರದಿದ್ದನ್ನ ನಾ ನೋಡಿಲ್ಲ, ಅದು ಹಳೇ ಗಾಡಿ ಏರಿನ್ಯಾಗ ಕ್ಲಚ್ ಸ್ಲಿಪ್ ಆಗಿ, ಅಂದ್ರ ಕ್ಲಚ್ ಜಾರಿ ಇಂಜಿನ್ ತಾಕತ್ತು ಗಾಲಿಗೆ ಮುಟ್ಟದ, ಹಿಂದಕ ಸರಿಯೂ ಮಾತ. ನಾ ಮುಧೋಳ ತಾಲ್ಲೂಕಿನಾಂವ, ಮೊದಲ ಹನ್ನೊಂದ್ ವರ್ಷ ಡ್ರೈವರ್ ಇದ್ದೆ, ಈಗ ಸ್ವಂತ ಒಂದ್ ಗಾಡಿ ಐತಿ, 2006ರ ಮಾಡೆಲ್, ಆರ ಗಾಲಿದು, ಸೀಸನ್‌ನ್ಯಾಗ ಕಬ್ಬ ಹೊಡಿತೇನಿ, ಉಳದ ದಿನ ಗೋವಿನಜ್ವಾಳ, ಉಳ್ಳಾಗಡ್ಡಿ, ಏನ್ ಸಿಗತೈತಿ ಅದು.

ಹೋದ ಸೀಸನ್ ಜನವರಿ ತಿಂಗಳ ಒಂದ್ ರಾತ್ರಿ, ಘಟಪ್ರಭಾ ಹೊಳಿ ದಂಡಿ ಹೊಲದಾಗ ಗ್ಯಾಂಗಿನವರು ಗಾಡಿ ತುಂಬಿ ಹಗ್ಗಾ ಬಿಗದು ಮುಗಸೂದ್ರಾಗ ಒಂಬತ್ತೂವರಿ ಆಗಿತ್ತು, ನಾನೂ ಕ್ಯಾಬಿನ್‌ನ್ಯಾಗ ಇದ್ದೆ, ನಮ್ಮ ಡ್ರೈವರ್ ಹೊಡಿಯಾಕತ್ತಿದ್ದ. ಹೊಳಿ ದಂಡಿಯಿಂದ ಮ್ಯಾಲ ಡಾಂಬರ್ ರಸ್ತಾಕ ಹತ್ತಬೇಕಂದ್ರ ಒಂದ್ ಎರಿಮಣ್ಣಿನ ಏರ ಐತಿ, ಸಣ್ಣದ ಐತಿ ಆದ್ರ ನೆಟ್ಟಗ ಐತಿ. ಅರ್ಧಾ ಏರಿದ್ವಿ, ಒಮ್ಮಿಗ್ಲೆ ಇಂಜಿನ್ ದನಿ ಏರಿತು ಗಾಡಿ ಮಾತ್ರ ಏರವಲ್ದು, ಡ್ರೈವರ್ ಎಕ್ಸಲೇಟರ್ ಒತ್ತಿದಷ್ಟೂ ಇಂಜಿನ್ ಚೀರತೈತಿ, ಗಾಲಿ ತಿರಗವಲ್ಲವು, ಕ್ಯಾಬಿನ್ ತುಂಬ ಸುಟ್ಟ ನಾತ. ಆಮ್ಯಾಲ ಗಾಡಿ ನಿಂತು ಹಿಂದಕ ಸರಿಯಾಕ ಹತ್ತಿತು, ಬ್ರೇಕ್ ಹಿಡದ್ರೂ ಆ ಹಸಿ ಮಣ್ಣಾಗ ಜಾರಿ ಜಾರಿ ಹೊಂಟೈತಿ. ಕ್ಲೀನರ್ ಹುಡುಗ ಕೆಳಗ ಜಿಗದು ಹಿಂದಿನ ಗಾಲಿಗೆ ಕಲ್ಲ ಕೊಟ್ಟ, ಒಂದ್ ಕಲ್ಲ ಪುಡಿ ಆತು, ಎರಡನೇದು ನಿಂತಿತು. ಇಳದು ಹಿಂದ ಹೋಗಿ ನೋಡ್ತೇನಿ, ಗಂಡಾ ಹೆಂಡತಿ ನಡುವ ಒಂದ್ ಸಣ್ಣ ಕೂಸ, ಬೈಕ್ ಮ್ಯಾಲ ನಮ್ಮ ಗಾಡಿ ಹಿಂದ ಹತ್ತ ಫೂಟಿಗೆ ನಿಂತಾರ, ಮಣ್ಣಾಗ ಬೈಕ್ ಹಿಂದಕ ಎಳಿಯಾಕ ಬರದ ಆ ಮನಷ್ಯಾ ಎರಡೂ ಕಾಲ ಊರಿ ನಡಗಾಕತ್ತಿದ್ದ. ಆ ಕೂಸಿನ ಮಾರಿ ನಂಗ ಇವತ್ತಿಗೂ ಕಣ್ಣ ಮುಂದ ಬರತೈತಿ.

ಈಗ ನಾ ಮಾಡಿದ ತಪ್ಪ ಹೇಳ್ತೇನಿ. ಮರುದಿನ ನಾ ಡ್ರೈವರ್‌ಗೆ ಬೈದೆ, ನೀ ಅರ್ಧಾ ಕ್ಲಚ್ ಮ್ಯಾಲ (ಪೆಡಲ್ ಅರ್ಧಾ ಒತ್ತಿ) ಗಾಡಿ ಹೊಡದು ಕ್ಲಚ್ ಪ್ಲೇಟ್ ಸುಟ್ಟಿ ಅಂತ, ಪ್ಲೇಟಿನ ರೊಕ್ಕದಾಗ ಅರ್ಧಾ ಅವನ ಪಗಾರದಾಗ ಹಿಡದೆ. ನಮ್ಮ ಕಡೆ ಇದ ರೂಢಿ ಐತ್ರಿ, ಕ್ಲಚ್ ಹೋತು ಅಂದ್ರ ಡ್ರೈವರ್ ತಪ್ಪ, ಕೇಳೂದ ಇಲ್ಲ. ಅಂವ ಒಂದ್ ಮಾತ ಅಂದ, "ಅಣ್ಣಾರ, ಮುಂಜಾನೆ ಎದ್ದು ಹೊಡದ್ರ ಏನೂ ಆಗೂದಿಲ್ರಿ, ಗಾಡಿ ಕಾದ ಮ್ಯಾಲ ಅಷ್ಟ ಹಿಂಗ ಆಗ್ತೈತಿ, ಒಮ್ಮಿ ವಿಚಾರ ಮಾಡ್ರಿ" ಅಂತ. ನಾ ಕೇಳಲಿಲ್ಲ. ಊರಾಗಿನ ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಿ, ಪ್ಲೇಟ್ ಸುಟ್ಟೈತಿ ಅಂತ ತೋರ್ಸಿ, ಹೊಸಾದು ಹಾಕಿದ್ರು, ಮುಂಜಾನೆ ತಣ್ಣನ ಗಾಡಿ ಒಂದ್ ರೌಂಡ್ ಹೊಡದು ನೋಡಿದ್ರು, ಓಕೆ ಅಂದ್ರು. ಹದಿನೈದ್ ದಿನಾ ತುಂಬಿದ್ದಿಲ್ಲ, ಮತ್ತ ಅದ. ಮತ್ತ ಇಳಿಸಿದ್ರು, ಈ ಸಲ ಕ್ಲಚ್ ಪ್ಲೇಟ್ ಒತ್ತಿ ಹಿಡಿಯೂ ಪ್ರೆಶರ್ ಪ್ಲೇಟೂ ಹೊಸಾದು. ಎರಡೂ ಸಲ ಸೇರಿ ಏಳ ದಿನ ಗಾಡಿ ನಿಂತಿತು, ಸೀಸನ್‌ನ್ಯಾಗ ಏಳ ದಿನ ಅಂದ್ರ ಏನ್ ಅಂತ ಗಾಡಿ ಇದ್ದವ್ರಿಗೆ ಗೊತ್ತ. ಅದಾದ ಮ್ಯಾಲೂ ಎಂಟ ದಿನದಾಗ ಮತ್ತ ಇಂಜಿನ್ ಚೀರಾಕ ಹತ್ತಿತು.

ಕಡೀಕ ಖಾಲಿ ಗಾಡಿ ತಗೊಂಡು ಲೋಕಾಪುರ, ಯರಗಟ್ಟಿ, ನೇಸರಗಿ ಮ್ಯಾಲೆ ಬೆಳಗಾವಿ ಆಟೋ ನಗರಕ್ಕ ಹೋದ್ವಿ, ಅಲ್ಲಿ ಒಬ್ರು ವಯಸ್ಸಾದ ಮಿಸ್ತ್ರಿ ಅದಾರ ಅಂತ ಯಾರೋ ಹೇಳಿದ್ರು. ಅವರು ಪಾನಾ ಕೈಯಾಗ ಹಿಡಿಯೂಕಿಂತ ಮೊದಲ ಕೇಳಿದ್ದು ಒಂದ ಪ್ರಶ್ನಿ, ಅದೂ ನನ್ನ ಅಲ್ಲ, ಡ್ರೈವರ್‌ನ್ನ ಕೇಳಿದ್ರು: "ತಮ್ಮಾ, ತಣ್ಣಗಿದ್ದಾಗ ಸ್ಲಿಪ್ ಆಗತೈತೋ, ಕಾದ ಮ್ಯಾಲ ಆಗತೈತೋ?" ಅಂವ ನನ್ನ ಮಾರಿ ನೋಡಿದ. ಎರಡು ತಿಂಗಳಿಂದ ಅಂವ ಹೇಳಿದ್ದು ಅದನ್ನ.

ಗಾಡಿ ಅಷ್ಟ ದೂರ ಬಂದು ಕಾದಿತ್ತು. ಇಂಜಿನ್ ಬಂದ್ ಮಾಡ್ಸಿ ಮಿಸ್ತ್ರಿ ಕೆಳಗ ಹೋದ್ರು, ನನ್ನೂ ಕರದ್ರು. ಕ್ಲಚ್ಚಿನ ಫೋರ್ಕ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಸೂ ತೋಳ) ಕೈಲೆ ಅಲ್ಲಾಡ್ಸಿದ್ರು, ಒಂದ್ ಕೂದಲೆಳಿನೂ ಆಟ ಇಲ್ಲ, ಬಿಗಿ. ಆಮ್ಯಾಲ ಆಯಿಲ್ ಒತ್ತಡಲೆ ಆ ಫೋರ್ಕ್ ದೂಡೂ ಸ್ಲೇವ್ ಸಿಲಿಂಡರಿನ ಬ್ಲೀಡಿಂಗ್ ನಿಪ್ಪಲ್ (ಪೈಪಿನ ಗಾಳಿ ತಗಿಯೂ ಸಣ್ಣ ಸ್ಕ್ರೂ) ಅರ್ಧಾ ಸುತ್ತ ಸಡಿಲ ಮಾಡಿದ್ರು, ಆಯಿಲ್ ಚುರ್ ಅಂತ ಸಿಡೀತು, ಫೋರ್ಕ್ ಕಟ್ ಅಂತ ಹಿಂದಕ ಸರದು ಕುಂತಿತು. ಪೆಡಲ್ ಮ್ಯಾಲ ಯಾರ ಕಾಲೂ ಇದ್ದಿಲ್ಲ್ರಿ! ಅಂದ್ರ ಅಷ್ಟ ದಿನ, ಯಾರೂ ಕಾಲ ಇಡದ, ಒಳಗ ಸಿಕ್ಕೊಂಡ ಆಯಿಲ್ ತಾನ ಕ್ಲಚ್ ಒತ್ತಿ ಹಿಡದಿತ್ತು, ಹೊಸಾ ಪ್ಲೇಟ್ ಏನ್ ಮಾಡೀತು, ಎಂಥಾ ಪ್ಲೇಟ್ ಹಾಕಿದ್ರೂ ಸುಡೂದ.

ಅದು ಹೆಂಗ ಅಂತ ಅವರು ತಿಳಿಸಿ ಹೇಳಿದ್ದನ್ನ ನಾ ಇಲ್ಲಿ ಹೇಳ್ತೇನಿ, ಯಾಕಂದ್ರ ಇದ ಭಾಳ ಮಂದಿಗೆ ಗೊತ್ತಿಲ್ಲ. ಪೆಡಲ್ ಹತ್ರ ಇರೂ ಮಾಸ್ಟರ್ ಸಿಲಿಂಡರಿನ್ಯಾಗ ಆಯಿಲ್ ಡಬ್ಬಿಗೆ ಹೋಗೂ ಒಂದ್ ಸೂಜಿಮೊನಿಯಂಥಾ ಸಣ್ಣ ತೂತ ಇರತೈತಿ, ಪೆಡಲ್ ಬಿಟ್ಟಾಗ ಹೆಚ್ಚಿನ ಆಯಿಲ್ ಅದರಾಗಿಂದ ವಾಪಸ್ ಡಬ್ಬಿಗೆ ಹೋಗಬೇಕು. ಒಳಗಿನ ರಬ್ಬರ್ ಬುಷ್ ಉಬ್ಬಿತು ಅಂದ್ರ ಅಥವಾ ಪೆಡಲಿನ ರಾಡ್ ಬಿಗಿ ಆಗಿ ಪೂರ್ತಿ ಹಿಂದಕ ಬರಲಿಲ್ಲ ಅಂದ್ರ ಆ ತೂತ ಮುಚ್ಚತೈತಿ. ಮುಂಜಾನೆ ತಣ್ಣಗಿದ್ದಾಗ ಅಷ್ಟ ತ್ರಾಸ ಇರೂದಿಲ್ಲ, ಇಂಜಿನ್ ಕಾದಂಗ ಕಾದಂಗ ಪೈಪಿನ ಆಯಿಲ್ ಹಿಗ್ಗತೈತಿ, ಹಿಗ್ಗಿದ್ದಕ್ಕ ಹೋಗಾಕ ಜಾಗಾ ಇಲ್ಲ, ಅದು ಫೋರ್ಕ್ ದೂಡತೈತಿ, ಕ್ಲಚ್ ಅರ್ಧಾ ಬಿಟ್ಟಂಗ ಆಗತೈತಿ. ಅದಕ್ಕ ಮುಂಜಾನೆ ಟ್ರಯಲ್ ನೋಡಿದವ್ರಿಗೆ ಗಾಡಿ ಚಲೋ ಅನಸತಿತ್ತು.

ಮಾಸ್ಟರ್ ಸಿಲಿಂಡರ್ ಬಿಚ್ಚಿ ಹಳೇ ರಬ್ಬರ್, ಹೊಸಾ ರಬ್ಬರ್ ಎರಡೂ ನನ್ನ ಅಂಗೈ ಮ್ಯಾಲ ಇಟ್ರು. ಹೊಸಾದು ಗಟ್ಟಿ, ಅಂಚು ಚೂಪ. ಹಳೇದು ರಾತ್ರಿ ನೆನಿಯಾಕ ಹಾಕಿದ ಕಡ್ಲಿ ಆಗತೈತಲ್ಲ ಹಂಗ ಉಬ್ಬಿತ್ತು, ಉಗರ ಊರಿದ್ರ ಒಳಗ ಇಳೀತಿತ್ತು. "ಇದರಾಗ ಬ್ರೇಕ್ ಆಯಿಲ್ ಬಿಟ್ಟು ಬ್ಯಾರೆ ಏನೋ ಬಿದ್ದೈತಿ" ಅಂದ್ರು. ವಿಚಾರ ಮಾಡಿದ್ರ ಖರೇನ, ದಸರಾ ಆದ ಮ್ಯಾಲ ಒಮ್ಮಿ ಕ್ಲಚ್ ಆಯಿಲ್ ಕಡಿಮಿ ಆಗಿತ್ತು, ಕ್ಲೀನರ್ ಹುಡುಗ ಸೀಟಿನ ಹಿಂದಿದ್ದ ಡಬ್ಬಿ ತಗದು ಹಾಕಿದ್ದ, ಅದು ಸ್ಟೇರಿಂಗ್ ಆಯಿಲ್ ಡಬ್ಬಿ. ಕ್ಲಚ್ ಡಬ್ಬಿಗೆ ಹಾಕೂದು ಬ್ರೇಕ್ ಆಯಿಲ್, ಡಾಟ್ 3 ಇಲ್ಲಾ ಡಾಟ್ 4, ಗಾಡಿ ಪುಸ್ತಕದಾಗ ಯಾವದು ಹೇಳ್ಯಾರೋ ಅದು. ಅದರ ರಬ್ಬರಿಗೆ ಇಂಜಿನ್ ಆಯಿಲ್, ಸ್ಟೇರಿಂಗ್ ಆಯಿಲ್, ಜಾಕ್ ಆಯಿಲ್ ಯಾವದೂ ಆಗಿಬರಂಗಿಲ್ಲ, ಉಬ್ಬಿ ಕೆಡತಾವು. ಹುಡುಗನ ಕೇಳಿದೆ, ಅಂವ ಎರಡೂ ಡಬ್ಬಿ ತಂದು ಮುಂದ ಇಟ್ಟು "ಕಾಕಾ, ಎರಡರ ಮ್ಯಾಲೂ ಇಂಗ್ಲಿಷ್ ಐತ್ರಿ, ನಂಗ ಹೆಂಗ ಗೊತ್ತಾಗಬೇಕು" ಅಂದ. ಡಬ್ಬಿ ತಿರಗಿ ಮುರಗಿ ನೋಡಿದೆ, ಒಂದ್ ಅಕ್ಷರ ಕನ್ನಡ ಇಲ್ಲ. ಏಳನೇತ್ತಾ ಮಟಾ ಕನ್ನಡ ಸಾಲಿ ಕಲತ ಹುಡುಗ, ಪೇಪರ್ ಸರಾಗ ಓದತಾನ, ಅಂವಗ ಏನ್ ತಪ್ಪ ಹೊರಸೂದು.

ಮಾಸ್ಟರ್, ಸ್ಲೇವ್ ಎರಡರದೂ ಕಿಟ್ ಹಾಕಿ, ನಡುವಿನ ರಬ್ಬರ್ ಹೋಸ್ ಪೈಪ್ ಹೊಸಾದು ಹಾಕಿ (ಅದೂ ಒಳಗ ಉಬ್ಬಿರತೈತಿ, ಬಿಡಬಾರದು), ಪೈಪ್‌ಲೈನ್ ಪೂರ್ತಿ ತೊಳದು ಬ್ಲೀಡಿಂಗ್ ಮಾಡಿದ್ರು. ಪ್ಲೇಟ್ ಅಂತೂ ಹಾಕಲೇಬೇಕಾತು, ಸುಟ್ಟಿತ್ತು, ಪ್ಲೇಟ್ ಒತ್ತಿ ಕೂಡೂ ಇಂಜಿನ್ನಿನ ಚಕ್ರ ಫ್ಲೈವೀಲ್ ಮ್ಯಾಲ ಕಾದು ನೀಲಿ ಕಲೆ ಮೂಡಿದ್ವು, ಲೇಥಿಗೆ ಹಾಕಿ ಸಾಫ್ ಮಾಡಿಸಿದ್ರು, ನೀಲಿ ಕಲೆ, ಸಣ್ಣ ಬಿರುಕ ಇರೂ ಫ್ಲೈವೀಲ್ ಮ್ಯಾಲ ಹೊಸಾ ಪ್ಲೇಟ್ ಹಂಗ ಕೂಡಸಬಾರದು ಅಂದ್ರು. ಅವತ್ತಿನಿಂದ ಇವತ್ತಿನ ಮಟಾ ಗಾಡಿ ಒಮ್ಮಿನೂ ಸ್ಲಿಪ್ ಆಗಿಲ್ಲ. ಡ್ರೈವರ್ ರೊಕ್ಕಾ ಅಲ್ಲೇ ಆಟೋ ನಗರದಾಗ ಅವನ ಕೈಯಾಗ ಕೊಟ್ಟೆ, ಎಲ್ಲಾರ ಮುಂದ ತಪ್ಪಾತು ಅಂದೆ.

ಅದಕ್ಕ ಗಾಡಿ ಮಾಲಕರಿಗೆ, ಡ್ರೈವರ್ ಅಣ್ಣ ತಮ್ಮರಿಗೆ ಹೇಳೂದು ಏನಂದ್ರ, ಗೇರ್‌ಬಾಕ್ಸ್ ಇಳಿಸೂ ಮೊದಲ ಹೊರಗಿಂದ ನೋಡೂವು ಎಲ್ಲಾ ನೋಡ್ರಿ. ಮೊದಲ ಖರೇನ ಸ್ಲಿಪ್ ಹೌದೋ ಅಲ್ಲೋ ತಿಳಕೋರಿ. ಏರಿನ್ಯಾಗ ಗಾಡಿ ಎಳಿಯೂದಿಲ್ಲ, ಇಂಜಿನ್ ಆರ್‌ಪಿಎಂನೂ ಏರೂದಿಲ್ಲ, ಹೊಗಿ ಬಿಡತೈತಿ ಅಂದ್ರ ಅದು ಕ್ಲಚ್ ಅಲ್ಲ, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಟರ್ಬೊ ಕಡೆ ನೋಡಬೇಕು, ಕಬ್ಬಿನ ಹೊಲದ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟತೈತಿ. ಇಂಜಿನ್ ಏರತೈತಿ ಗಾಡಿ ಏರೂದಿಲ್ಲ, ಅದೂ ದೊಡ್ಡ (ಟಾಪ್) ಗೇರಿನ್ಯಾಗ ಲೋಡ್ ಇದ್ದಾಗ ಮೊದಲ ಗೊತ್ತಾಗತೈತಿ, ಅಂದ್ರ ಅದು ಸ್ಲಿಪ್. ಸಪಾಟ ಜಾಗಾದಾಗ ಖಾಲಿ ಗಾಡಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಗಾಲಿಗೆ ಮುಂದ ಹಿಂದ ಕಲ್ಲ ಕೊಟ್ಟು, ಗಾಡಿ ಮುಂದ ಯಾರೂ ನಿಲ್ಲದಂಗ ನೋಡ್ಕೊಂಡು, ದೊಡ್ಡ ಗೇರ್ ಹಾಕಿ ಸ್ವಲ್ಪ ರೇಸ್ ಕೊಟ್ಟು ಕ್ಲಚ್ ಸಾವಕಾಶ ಬಿಡ್ರಿ, ಇಂಜಿನ್ ಬಂದ್ ಬಿತ್ತಂದ್ರ ಕ್ಲಚ್ ಹಿಡಿತೈತಿ, ಬಂದ್ ಬೀಳದ ತಿರಗಕೋತ ಹೋತಂದ್ರ ಸ್ಲಿಪ್. ಒಂದ ಸಲ ಮಾಡ್ರಿ, ಸಾಕು, ಮ್ಯಾಲಿಂದ ಮ್ಯಾಲ ಮಾಡಿದ್ರ ಇದ್ದ ಪ್ಲೇಟೂ ಸುಡತೈತಿ. ತಣ್ಣಗಿದ್ದಾಗ ಪಾಸ್ ಆದ್ರ ಕಾದ ಮ್ಯಾಲೂ ಒಮ್ಮಿ ನೋಡ್ರಿ.

ಆಮ್ಯಾಲ ಪೆಡಲ್ ಕೈಲೆ ಒತ್ತಿ ನೋಡ್ರಿ, ಮೊದಲ ಸ್ವಲ್ಪ ಸಡಿಲ ಬರಬೇಕು, ಅದ ಫ್ರೀ ಪ್ಲೇ. ಪ್ಲೇಟ್ ಸವದಂಗ ಸವದಂಗ ಈ ಸಡಿಲ ಕಡಿಮಿ ಆಗಕೋತ ಬರತೈತಿ, ಪೂರಾ ಹೋತಂದ್ರ ಕ್ಲಚ್ ಬಿಡಸೂ ಬೇರಿಂಗ್ ಸದಾ ಒತ್ತಿಕೊಂಡ ಇರತೈತಿ, ರಾಡ್ ಅಡ್ಜಸ್ಟ್ ಮಾಡಿದ್ರ ಸರಿ ಹೋಗೂ ಕೆಲಸಕ್ಕ ಎಷ್ಟೋ ಮಂದಿ ಪ್ಲೇಟ್ ಹಾಕ್ಸಿದ್ದು ನಾ ನೋಡೇನಿ. ಪೆಡಲ್ ವಾಪಸ್ ಎಳಿಯೂ ಸ್ಪ್ರಿಂಗ್ ಮುರದಿದ್ರೂ ಇದ ಗತಿ. ಕ್ಲಚ್ ಒತ್ತಾಕ ಗಾಳಿ ಒತ್ತಡಲೆ ಸಹಾಯ ಮಾಡೂ ಬೂಸ್ಟರ್ ಇದ್ದ ಗಾಡಿನ್ಯಾಗ ಅದರ ಪಿಸ್ಟನ್ ಸಿಕ್ಕಿಕೊಂಡು ವಾಪಸ್ ಬರದಿದ್ರೂ ಸ್ಲಿಪ್ ಆಗತೈತಿ. ನಿಪ್ಪಲ್ ಬಿಚ್ಚಿ ನೋಡೂದಂತೂ ಮ್ಯಾಲ ಹೇಳೇನಿ, ಬಿಚ್ಚಿದ ಮ್ಯಾಲ ಫೋರ್ಕ್ ಸಡಿಲ ಆತಂದ್ರ ರೋಗ ಹೈಡ್ರಾಲಿಕ್‌ನ್ಯಾಗ ಐತಿ, ಆಗಲಿಲ್ಲ ಅಂದ್ರ ಅಡ್ಜಸ್ಟ್‌ಮೆಂಟ್ ಇಲ್ಲಾ ಪ್ಲೇಟ್ ಕಡೆ ನೋಡಬೇಕು. ಆಯಿಲ್ ಕಣ್ಣಿಗೆ ಸಿಡೀತೈತಿ, ಮಾರಿ ಹತ್ರ ಒಯ್ಯಬ್ಯಾಡ್ರಿ.

ಕ್ಲಚ್ ಹೌಸಿಂಗಿನ (ಕ್ಲಚ್ ಮುಚ್ಚಿರೂ ಹೊರಗಿನ ಕವಚ) ಕೆಳಗೂ ಒಮ್ಮಿ ಬೆರಳ ಸವರಿ ಮೂಸಿ ನೋಡ್ರಿ. ಕರೇದು, ತೆಳ್ಳಗ, ಸುಟ್ಟ ವಾಸನಿ ಇದ್ರ ಇಂಜಿನ್ ಆಯಿಲ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗೇತಿ. ದಪ್ಪಗ, ಗಂಧಕದಂಥಾ ಕೆಟ್ಟ ನಾತ ಇದ್ರ ಗೇರ್ ಆಯಿಲ್, ಗೇರ್‌ಬಾಕ್ಸಿನ ಮುಂದಿನ ಸೀಲ್ ಹೋಗೇತಿ. ಸೀಲ್ ಬದಲಿ ಮಾಡದ ಬರೇ ಪ್ಲೇಟ್ ಹಾಕಿದ್ರ ಹೊಸಾ ಪ್ಲೇಟೂ ಆಯಿಲ್ ಕುಡದು ಜಾರತೈತಿ. ಇನ್ನೊಂದ್, ಪ್ಲೇಟ್ ಹೊರಗ ತಗದಾಗ ಒಳಗಿನ ಧೂಳ ಕಂಪ್ರೆಸರ್ ಗಾಳಿಲೆ ಊದೂದು ಎಲ್ಲಾ ಕಡೆ ನೋಡ್ತೇನಿ, ಹಳೇ ಲೈನಿಂಗಿನ್ಯಾಗ ಆಸ್ಬೆಸ್ಟಾಸ್ ಇರಬಹುದ್ರಿ, ಆ ಧೂಳ ಪುಪ್ಪುಸಕ್ಕ ಹೋಗಿ ಕುಂತ್ರ ವರ್ಷಗಟ್ಲೆ ಆದ ಮ್ಯಾಲ ರೋಗ ಬರತೈತಿ, ಕ್ಯಾನ್ಸರ್ ಸುದ್ದಾ. ಗ್ಯಾರೇಜಿನ್ಯಾಗ ಕೆಲಸಾ ಕಲಿಯೂ ಸಣ್ಣ ಹುಡುಗರು ಆ ಧೂಳಿನ್ಯಾಗ ನಿಂತಿರತಾವು, ಒದ್ದಿ ಬಟ್ಟಿಲೆ ಒರಸ್ರಿ, ಊದಬ್ಯಾಡ್ರಿ.

ಈಗೀಗ ನಮ್ಮ ಕಡೆ ಹಳೇ ಆಟೋಮ್ಯಾಟಿಕ್ ಗಾಡಿನೂ ಸೆಕೆಂಡ್ ಹ್ಯಾಂಡ್ ಬರಾಕತ್ತಾವು, ನಮ್ಮ ಅಳಿಯಂದೂ ಒಂದ್ ಐತಿ, ಅದರ ಲೆಕ್ಕಾನ ಬ್ಯಾರೆ. ಅದರಾಗ ಕ್ಲಚ್ ಪೆಡಲ್ ಇಲ್ಲ, ಇಂಜಿನ್ ತಾಕತ್ತು ಆಯಿಲ್ ಮೂಲಕ ದಾಟಸೂ ಟಾರ್ಕ್ ಕನ್ವರ್ಟರ್ ಇರತೈತಿ, ಒಳಗ ಸಣ್ಣ ಸಣ್ಣ ಕ್ಲಚ್ ಪ್ಲೇಟಿನ ಜೋಡಿ ಇರತಾವು, ಅವು ಹಿಡಿಯೂದು ಆಯಿಲ್ ಪ್ರೆಶರ್ ಮ್ಯಾಲ. ಡಿ (ಡ್ರೈವ್) ಹಾಕಿದ್ರ ತಡಾ ಮಾಡಿ ಹಿಡಿಯೂದು, ಗೇರ್ ಬದಲಿ ಆಗೂ ಮುಂದ ಇಂಜಿನ್ ಒಮ್ಮಿ ಹಾರೂದು, ಇವು ಸ್ಲಿಪ್ಪಿನ ಲಕ್ಷಣ, ಮೊದಲ ನೋಡಬೇಕಾದ್ದು ಟ್ರಾನ್ಸ್‌ಮಿಷನ್ ಆಯಿಲ್. ಆಯಿಲ್ ಅಳತಿ ನೋಡೂ ಕಡ್ಡಿ ಇದ್ದ ಗಾಡಿನ್ಯಾಗ ಭಾಳ ಕಂಪನಿಯವರು ಹೇಳೂದು ಸಪಾಟ ಜಾಗಾದಾಗ ಗಾಡಿ ಕಾದ ಮ್ಯಾಲ ಇಂಜಿನ್ ಚಾಲೂ ಇಟ್ಟು ನೋಡ್ರಿ ಅಂತ, ಇಂಜಿನ್ ಆಯಿಲ್ ನೋಡಿದಂಗ ಬಂದ್ ಮಾಡಿ ನೋಡಿದ್ರ ಲೆಕ್ಕಾ ತಪ್ಪತೈತಿ. ಕಡಿಮಿ ಇದ್ರ ಪಂಪ್ ಗಾಳಿ ಎಳಕೊಂಡು ಪ್ರೆಶರ್ ಬೀಳತೈತಿ, ಅವಾಗ ಎಲ್ಲೆ ಸೋರತೈತಿ ನೋಡಬೇಕು, ಕೂಲರ್ ಪೈಪ್, ಕೆಳಗಿನ ಪ್ಯಾನಿನ ಗ್ಯಾಸ್ಕೆಟ್, ಆಕ್ಸಲ್ ಸೀಲ್. ಸಾಮಾನ್ಯ ಕೆಂಪ ಇರೂ ಆಯಿಲ್ ಕಂದ ಕರ್ರಗ ಆಗಿ ಸುಟ್ಟ ವಾಸನಿ ಬರತೈತಿ ಅಂದ್ರ ಒಳಗಿನ ಪ್ಲೇಟ್ ಸುಡಾಕತ್ತಾವು, ಅದನ್ನ ಹಂಗ ಹೊಡದ್ರ ಪೂರಾ ಬಾಕ್ಸ್ ಹೋಗತೈತಿ. ಹಳೇ ಗಾಡಿನ್ಯಾಗ ಎಕ್ಸಲೇಟರಿನಿಂದ ಗೇರ್‌ಬಾಕ್ಸಿಗೆ ಹೋಗೂ ಒಂದ್ ಕೇಬಲ್ ಇರತೈತಿ, ಅದು ಸಡಿಲ ಆದ್ರೂ ಪ್ರೆಶರ್ ಕಡಿಮಿ ಆಗಿ ಸ್ಲಿಪ್ ಆಗಬಹುದು. ಅಳಿಯನ ಗಾಡಿದು ಕೂಲರ್ ಪೈಪಿನ ಜಾಯಿಂಟ್ ಸೋರತಿತ್ತು, ಅಷ್ಟ, ಅಂವಗ ಹೊಸಾ ಗೇರ್‌ಬಾಕ್ಸ್ ಬೇಕು ಅಂತ ಹೇಳಿ ಹೆದರ್ಸಿದ್ರು. ಕೆಟ್ಟು ನಿಂತ್ರ ಡ್ರೈವ್ ಗಾಲಿ ನೆಲದ ಮ್ಯಾಲ ಇಟ್ಟು ಹಗ್ಗಾ ಕಟ್ಟಿ ದೂರ ಎಳಿಯಬ್ಯಾಡ್ರಿ, ಇಂಜಿನ್ ಬಂದ್ ಇದ್ದಾಗ ಒಳಗಿನ ಪಂಪ್ ತಿರಗೂದಿಲ್ಲ, ಆಯಿಲ್ ಇಲ್ಲದ ಗೇರ್‌ಬಾಕ್ಸ್ ಸುಡತೈತಿ.

ಡ್ರೈವರಿನ ತಪ್ಪ ಇರೂದ ಇಲ್ಲ ಅಂತ ನಾ ಹೇಳಾಕತ್ತಿಲ್ಲ. ಕ್ಲಚ್ ಪೆಡಲ್ ಮ್ಯಾಲ ಕಾಲ ಇಟಗೊಂಡ ಹೊಡಿಯೂದು, ಕಾರ್ಖಾನಿ ಪಾಳಿನ್ಯಾಗ ಏರಿನ ಮ್ಯಾಲ ಬ್ರೇಕ್ ಹಿಡಿಯದ ಅರ್ಧಾ ಕ್ಲಚ್ ಮ್ಯಾಲ ಗಾಡಿ ನಿಲ್ಲಸೂದು, ಲೋಡ್ ಇದ್ದಾಗ ಒಂದನೇ ಗೇರ್ ಬಿಟ್ಟು ಎರಡನೇದ್ರಾಗ ಎತ್ತೂದು, ಇವು ಪ್ಲೇಟ್ ತಿನ್ನತಾವು ಖರೇ. ಆದ್ರ ಪಾಸಿಂಗಿಗಿಂತ (ಗಾಡಿಗೆ ಒಪ್ಪಿಗಿ ಇದ್ದ ತೂಕಕ್ಕಿಂತ) ಜಾಸ್ತಿ ತುಂಬ್ರಿ ಅನ್ನೂದು ಯಾರು? ನಾವ ಮಾಲಕರು. ತುಂಬಿದ ಗಾಡಿ ಹೊಲದಾಗಿಂದ ಎತ್ತೂ ಮುಂದ ಪ್ಲೇಟ್ ಸುಟ್ರ ಆ ಲೆಕ್ಕಾ ಡ್ರೈವರ್ ಪಗಾರದಾಗ ಬರಿಯೂದು ಅನ್ಯಾಯ, ಇದನ್ನ ನಾ ಮಾಡಿದಾಂವ, ಅದಕ್ಕ ಹೇಳ್ತೇನಿ. ಗಾಡಿ ಮ್ಯಾಲ ದಿನಾ ಹದಿನಾಲ್ಕ ತಾಸ ಕುಂದ್ರೂ ಮನಷ್ಯಾಗ ಗೊತ್ತಿದ್ದಷ್ಟು ಅದರ ರೋಗ ಮತ್ಯಾರಿಗೂ ಗೊತ್ತಿರೂದಿಲ್ಲ, ಅಂವ ಏನರೆ ಹೇಳಿದ್ರ ಕೇಳ್ರಿ.

ಸಂಪಾದಕರ, ನಿಮ್ಮಲ್ಲಿ ನಂದು ಒಂದ ಕೇಳಿಕಿ. ಅಕ್ಟೋಬರ್ ತಿಂಗಳ ಒಳಗ, ಗಾಡಿ ಕಾರ್ಖಾನಿಗೆ ಹಚ್ಚೂ ಮೊದಲ, ವಾರಕ್ಕೊಮ್ಮಿ ಅರ್ಧಾ ಕಾಲಂ ಜಾಗಾ ಗಾಡಿ ಮಾತಿಗೆ ಕೊಡ್ರಿ, ಯಾವ ಡಬ್ಬಿಗೆ ಯಾವ ಆಯಿಲ್, ಸೀಸನ್ ಮೊದಲ ಏನ್ ನೋಡಬೇಕು, ಚಿತ್ರ ಸಮೇತ. ಆಟೋ ನಗರದ ಹಳೇ ಮಿಸ್ತ್ರಿಗಳನ್ನ, ಐಟಿಐ ಮಾಸ್ತರರನ್ನ ಕೇಳಿ ಬರಸ್ರಿ, ಅವರು ಖುಷೀಲೆ ಹೇಳ್ತಾರ. ಆಯಿಲ್ ಮಾರೂ ಕಂಪನಿಯವ್ರಿಗೂ ನಿಮ್ಮ ಪೇಪರ್ ಮೂಲಕ ಹೇಳ್ರಿ, ಡಬ್ಬಿ ಮ್ಯಾಲ ದೊಡ್ಡ ಅಕ್ಷರದಾಗ "ಬ್ರೇಕ್ ಮತ್ತು ಕ್ಲಚ್ ಆಯಿಲ್", "ಸ್ಟೇರಿಂಗ್ ಆಯಿಲ್" ಅಂತ ಕನ್ನಡದಾಗ ಬರೀರಿ ಅಂತ. ನಮ್ಮ ಗಾಡಿಗೆ ಗಾಳಿ ಬ್ರೇಕ್ ಅದಾವು, ಅದಕ್ಕ ಕ್ಲಚ್ ಅಷ್ಟ ಕೆಟ್ಟಿತು, ಸಣ್ಣ ಪಿಕಪ್‌ಗೆ ಬ್ರೇಕೂ ಇದ ಆಯಿಲ್ ಮ್ಯಾಲ ನಡೀತಾವು, ಅಲ್ಲೆ ತಪ್ಪ ಡಬ್ಬಿ ಸುರದ್ರ ಬ್ರೇಕ್ ಹೋಗತಾವು. ಕಾರ್ಖಾನಿ ಯಾರ್ಡಿನ್ಯಾಗ ಗಾಡಿ ರಾತ್ರಿ ಪೂರಾ ಪಾಳಿ ಹಚ್ಚಿ ನಿಂತಿರತಾವು, ತೂಕದ ಕಾಟಾದ ಹತ್ರ ಒಂದ್ ಬೋರ್ಡ್ ಬರಸಿದ್ರೂ ಸಾವಿರ ಮಂದಿ ಓದತಾರ.

ನಮ್ಮ ಗಾಡಿನ್ಯಾಗ ನಾ ಈಗಾಗ್ಲೇ ಡಬ್ಬಿಗೆಲ್ಲಾ ಬಿಳಿ ಪೇಂಟಿಲೆ ಕನ್ನಡದಾಗ ಬರಸೇನಿ, ಆ ಹುಡುಗನ ಕೈಲೇನ ಬರಸೇನಿ, ಅಂವನ ಅಕ್ಷರ ಭಾಳ ಚಂದ ಅದಾವು.

ಇಂತಿ ನಿಮ್ಮ ಓದುಗ,
ಒಬ್ಬ ಲಾರಿ ಮಾಲಕ, ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ